ಅಂಶವೂ ಅಖಂಡವೂ

ಅನಂತವಾದುದನ್ನು ಸಾಂತವಾದ ಮನಸ್ಸು ಅರಿಯಬಲ್ಲುದೇ, ಅರಿಯಬಲ್ಲುದಾದರೆ ಅದರ ಕೈಗೆ ಸಿಕ್ಕುವ ಅಂಶಮಾತ್ರವನ್ನು ಸತ್ಯವೆಂದು ಕರೆಯಬಹುದೇ, ಅಥವಾ ಅಖಂಡದಿಂದ ಬೇರ್ಪಟ್ಟ ಮಾತ್ರಕ್ಕೇ ಆ ಅಂಶವು ಮಿಥ್ಯೆಯಾಗಿಬಿಡುವುದೇ ಎಂಬ ಪ್ರಶ್ನೆಯು ನಮ್ಮ ದೇಶದ ತತ್ತ್ವಚಿಂತಕರನ್ನು ಬಹುಕಾಲ ಕಾಡಿದುದಾಗಿದೆ. ಉಪನಿಷತ್ತಿನ ಋಷಿಗಳು ಅದನ್ನು ಸಭಾಮಧ್ಯದಲ್ಲಿ ಎತ್ತಿಕೊಂಡರು; ಗೀತೆಯು ಅದನ್ನು ರಣರಂಗದ ನಡುವೆ ನಿಲ್ಲಿಸಿತು; ಜೈನ ತಾರ್ಕಿಕರು ಅದಕ್ಕಾಗಿಯೇ ಒಂದು ನ್ಯಾಯಪದ್ಧತಿಯನ್ನು ಕಟ್ಟಿದರು. ಗ್ರಂಥಗಳಲ್ಲಿ ಮಾತ್ರ ಕಾಣಿಸುತ್ತಿದ್ದ ಆ ಪ್ರಶ್ನೆಯು ಇಂದು ಅತ್ಯಂತ ಲೌಕಿಕವಾದ ಒಂದು ಕಸುಬಿನಲ್ಲಿ ದಿನದಿನವೂ ತಲೆಯೆತ್ತುತ್ತಿರುವುದು ವಿಚಾರವಂತರ ಗಮನಕ್ಕೆ ತಕ್ಕ ಸಂಗತಿಯಾಗಿದೆ. ವೆಬ್ ಅಪ್ಲಿಕೇಶನ್ ಬರೆಯುವ ತರುಣರು ಬಹು ಬೇಗ ಕಲಿಯಬೇಕಾದ ಪಾಠಗಳಲ್ಲಿ ಒಂದೆಂದರೆ, ಡೇಟಾಬೇಸಿನಲ್ಲಿ ಲಕ್ಷಾಂತರ ರೆಕಾರ್ಡುಗಳಿದ್ದರೂ ಕೇಳಿದವನಿಗೆ ಅವುಗಳಲ್ಲಿ ಹತ್ತನ್ನೋ ಇಪ್ಪತ್ತನ್ನೋ ಮಾತ್ರ ತಂದುಕೊಡುವ ಬಗೆ. ಈ ಸಣ್ಣ ಕ್ರಿಯೆಯನ್ನು ಶ್ರದ್ಧೆಯಿಂದ ಪರಿಶೀಲಿಸಿದರೆ, ಪರಿಮಿತವಾದ ಜ್ಞಾನವು ಯಾವ ನಿಬಂಧನೆಗಳಿಗೆ ಒಳಪಟ್ಟಾಗ ಪ್ರಾಮಾಣಿಕವಾಗಿರುತ್ತದೆ, ಯಾವಾಗ ಸುಳ್ಳಾಗುತ್ತದೆ ಎಂಬುದು ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ ಎಂಬುದೇ ನನ್ನ ಅಭಿಪ್ರಾಯ.

ಮೊದಲು ಯಂತ್ರದ ವ್ಯವಸ್ಥೆಯನ್ನು ತಿಳಿದುಕೊಳ್ಳೋಣ. 1970ರ ಜೂನ್ ತಿಂಗಳಿನಲ್ಲಿ, ಅಮೆರಿಕದ ಸ್ಯಾನ್ ಹೊಸೆಯಲ್ಲಿದ್ದ ಐಬಿಎಂ ಸಂಶೋಧನಾಲಯದ ಎಡ್ಗರ್ ಕಾಡ್ ಎಂಬ ವಿದ್ವಾಂಸನು ದತ್ತಸಂಚಯಗಳ ರಚನೆಯನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ಅಲ್ಲಿಯವರೆಗೆ ಮಾಹಿತಿಯನ್ನು ಹುಡುಕುವವನಿಗೆ, ಅದು ಯಂತ್ರದೊಳಗೆ ಎಲ್ಲಿ, ಯಾವ ಸರಪಣಿಯ ಯಾವ ಕೊಂಡಿಯಲ್ಲಿ ಅಡಗಿದೆ ಎಂಬ ಅರಿವೂ ಇರಬೇಕಾಗುತ್ತಿತ್ತು. ಕಾಡ್ ಆ ಹೊರೆಯನ್ನು ಇಳಿಸಿ, ಎಲ್ಲ ಮಾಹಿತಿಯನ್ನೂ ಗಣಿತಶಾಸ್ತ್ರದ ಗಣಗಳಂತೆ ಭಾವಿಸಬಹುದೆಂದೂ, ಬೇಕಾದುದೇನೆಂಬುದನ್ನು ಮಾತ್ರ ಹೇಳಿದರೆ ಸಾಕು, ತರುವ ದಾರಿಯನ್ನು ಯಂತ್ರವೇ ಹುಡುಕಿಕೊಳ್ಳಬಹುದೆಂದೂ ತೋರಿಸಿಕೊಟ್ಟನು. 1974ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು ಅದಕ್ಕೆ ತಕ್ಕ ಪ್ರಶ್ನಭಾಷೆಯೊಂದನ್ನು ರೂಪಿಸಿದರು. ಇಂದು ಎಸ್‌ಕ್ಯೂಎಲ್ ಎಂದು ಲೋಕವೆಲ್ಲ ಬಳಸುವ ಭಾಷೆಯ ಮೂಲ ಅದು. ಈ ಭಾಷೆಯಲ್ಲಿ ಬರೆದ ಕ್ವೆರಿಯಲ್ಲಿ ಎಷ್ಟು ಸಾಲುಗಳು ಬೇಕೆಂಬುದನ್ನು ಸೂಚಿಸುವ ಪದವನ್ನು ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಮುಂತಾದ ಡೇಟಾಬೇಸ್ ವ್ಯವಸ್ಥೆಗಳು ಲಿಮಿಟ್ ಎಂದೂ, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಟಾಪ್ ಎಂದೂ ಕರೆದುವು. ಈ ಭಾಷೆಯ 2008ರ ಪರಿಷ್ಕೃತ ಮಾನದಂಡದಲ್ಲಿ ಫೆಚ್ ಫಸ್ಟ್ ಎಂಬ ರೂಪಕ್ಕೆ ಅಧಿಕೃತವಾದ ಸ್ಥಾನ ದೊರೆಯಿತು. ಹೆಸರುಗಳು ಬೇರೆಯಾದರೂ ತಾತ್ಪರ್ಯವೊಂದೇ: ಇರುವುದು ಬಹಳ, ನನಗೆ ಬೇಕಾದುದು ಇಷ್ಟೇ.

ಈ ಮಿತಿಯನ್ನು ಹಾಕದೆ ಹೋದರೆ ಏನಾಗುತ್ತದೆಂಬುದನ್ನು ಕಂಡವರು ಬಲ್ಲರು. ಐವತ್ತು ಲಕ್ಷ ಸಾಲುಗಳ ಟೇಬಲೊಂದನ್ನು ಇದ್ದದ್ದಿದ್ದಂತೆ ಕೊಡೆಂದು ಕೇಳಿದಾಗ, ಡೇಟಾಬೇಸು ಮರುಮಾತಾಡದೆ ಕೊಡತೊಡಗುತ್ತದೆ. ಆದರೆ ಅದನ್ನು ಬರಮಾಡಿಕೊಳ್ಳುವ ಅಪ್ಲಿಕೇಶನ್ನಿನ ಮೆಮೊರಿ ತುಂಬುತ್ತ ಹೋಗಿ, ಅದೇ ಸರ್ವರನ್ನು ನೆಚ್ಚಿಕೊಂಡಿರುವ ಇತರರ ಕೋರಿಕೆಗಳು ಬಾಗಿಲಲ್ಲೇ ಕಾದು ನಿಲ್ಲುತ್ತವೆ. ಹೇಗೋ ಅಷ್ಟೂ ಬಂದು ಮುಟ್ಟಿತೆಂದರೂ ಓದುಗನ ಬ್ರೌಸರು ಅವುಗಳನ್ನು ಚಿತ್ರಿಸಲಾರದೆ ಸ್ತಬ್ಧವಾಗುತ್ತದೆ. ಹೊಸದಾಗಿ ಕಲಿತವರು ಇಲ್ಲಿ ಇನ್ನೊಂದು ತಪ್ಪನ್ನು ಮಾಡುವುದುಂಟು. ತೆರೆಯ ಮೇಲೆ ಹತ್ತೇ ಸಾಲುಗಳನ್ನು ತೋರಿಸಿ, ಒಳಗೆ ಮಾತ್ರ ಎಲ್ಲವನ್ನೂ ತರಿಸಿಕೊಂಡು ಮಿಕ್ಕುದನ್ನು ಚೆಲ್ಲುತ್ತಾರೆ. ಹೊರನೋಟಕ್ಕೆ ಮಿತಿ ಪಾಲಿತವಾದಂತೆ ಕಂಡರೂ ಅದು ಮಿತಿಯಲ್ಲ; ಉಗ್ರಾಣವನ್ನೆಲ್ಲ ಹೊರಿಸಿಕೊಂಡು ಬಂದು ಒಂದು ತುತ್ತನ್ನು ತಿಂದಂತೆ. ಮಿತಿಯು ಉತ್ತರವನ್ನು ಕತ್ತರಿಸುವ ಕತ್ತರಿಯಾಗದೆ ಪ್ರಶ್ನೆಯಲ್ಲಿಯೇ ಹುಟ್ಟಿದ ವಿವೇಕವಾಗಿರಬೇಕು.

ಇಲ್ಲಿ ನಾವು ಗ್ರಹಿಸಬೇಕಾದ ಪ್ರಥಮ ತತ್ತ್ವವೆಂದರೆ, ಮಿತಿಯು ಹುಟ್ಟುವುದು ಕೊಡುವವನ ದಾರಿದ್ರ್ಯದಿಂದಲ್ಲ, ಪಡೆಯುವವನ ಪಾತ್ರತೆಯಿಂದ ಎಂಬುದು. ಭಗವದ್ಗೀತೆಯ ಹತ್ತನೆಯ ಮತ್ತು ಹನ್ನೊಂದನೆಯ ಅಧ್ಯಾಯಗಳನ್ನು ಒಟ್ಟಿಗೆ ಇಟ್ಟು ಓದಿದವರಿಗೆ ಇದಕ್ಕಿಂತ ಮಿಗಿಲಾದ ವ್ಯಾಖ್ಯಾನ ಬೇಕಾಗದು. ಹತ್ತನೆಯ ಅಧ್ಯಾಯದಲ್ಲಿ ಅರ್ಜುನನು, ನಿನ್ನ ದಿವ್ಯವಿಭೂತಿಗಳನ್ನು ಏನೊಂದನ್ನೂ ಉಳಿಸದೆ ಹೇಳಬೇಕೆಂದು ಬೇಡುತ್ತಾನೆ. ಶ್ರೀಕೃಷ್ಣನು ಆ ಬೇಡಿಕೆಯನ್ನು ತಿರಸ್ಕರಿಸುವುದಿಲ್ಲ, ಹಾಗೆಂದು ಇದ್ದಂತೆ ಪೂರೈಸುವುದೂ ಇಲ್ಲ. ನನ್ನ ವಿಸ್ತಾರಕ್ಕೆ ಅಂತವಿಲ್ಲವಾದುದರಿಂದ ಮುಖ್ಯವಾದವುಗಳನ್ನಷ್ಟೇ ಹೇಳುವೆನೆಂದು ಮೊದಲೇ ತಿಳಿಸಿ, ಆದಿತ್ಯರಲ್ಲಿ ವಿಷ್ಣು, ಸ್ಥಾವರಗಳಲ್ಲಿ ಹಿಮಾಲಯ, ವೃಕ್ಷಗಳಲ್ಲಿ ಅಶ್ವತ್ಥ, ಮಾಸಗಳಲ್ಲಿ ಮಾರ್ಗಶಿರ ಎಂದು ಒಂದೊಂದು ವರ್ಗದಿಂದ ಒಂದೊಂದನ್ನು ಆರಿಸಿ ಕೊಡುತ್ತಾನೆ. ಶಿಷ್ಯನಿಗೆ ತೃಪ್ತಿಯಾಗುವುದಿಲ್ಲ. ಹನ್ನೊಂದನೆಯ ಅಧ್ಯಾಯದಲ್ಲಿ ಅವನು ಈಶ್ವರರೂಪವನ್ನೇ ಕಾಣಬಯಸುತ್ತಾನೆ, ದಿವ್ಯಚಕ್ಷುಸ್ಸು ದೊರೆಯುತ್ತದೆ, ಸಮಸ್ತ ಜಗತ್ತೂ ಒಂದೆಡೆ ನೆರೆದಂತೆ ಕಣ್ಣೆದುರು ತೆರೆದುಕೊಳ್ಳುತ್ತದೆ. ಆಗ ಆದುದೇನು? ಗಾಂಡೀವಧಾರಿಯಾದ ವೀರನು ನಡುಗಿದನು, ದಿಕ್ಕುಗಾಣದಾದನು, ಮತ್ತು ಹಿಂದಿನ ಸೌಮ್ಯರೂಪವನ್ನೇ ಮರಳಿ ತೋರೆಂದು ಕೈಮುಗಿದು ಬೇಡಿದನು. ಅಖಂಡದ ದರ್ಶನವು ಅವನಿಗೆ ಸುಳ್ಳಾಗಲಿಲ್ಲ. ಆದರೆ ಅವನು ಅದರಲ್ಲಿ ನೆಲೆಸಲಾರದೆ ಹೋದನು. ಹತ್ತನೆಯ ಅಧ್ಯಾಯದ ಮಿತವಾದ ಪಟ್ಟಿಯು ಭಗವಂತನ ಕೃಪಣತೆಯಾಗಿರದೆ ಅವನ ಕಾರುಣ್ಯವಾಗಿತ್ತೆಂಬುದು ಹನ್ನೊಂದನೆಯ ಅಧ್ಯಾಯವನ್ನು ಓದಿದ ಬಳಿಕವೇ ನಮಗೆ ಮನವರಿಕೆಯಾಗುತ್ತದೆ.

ಪಾತ್ರತೆಯ ಈ ವಿಚಾರಕ್ಕೆ ಸಾಮಾಜಿಕವಾದ ಮುಖವೂ ಒಂದುಂಟು. ಸರ್ವರೊಂದು ಒಬ್ಬನ ಸೊತ್ತಲ್ಲ. ಅದೇ ಕ್ಷಣದಲ್ಲಿ ನೂರಾರು ಜನ ಅದನ್ನು ಆಶ್ರಯಿಸಿರುತ್ತಾರೆ. ಒಬ್ಬನು ಅಗತ್ಯವಿಲ್ಲದೆ ಕೇಳಿದ ಸಾವಿರ ಸಾಲುಗಳ ಭಾರವನ್ನು ಅವನಿಗೆ ಅಪರಿಚಿತರಾದ ಇತರರು ಹೊರುತ್ತಾರೆ. ಅಪರಿಗ್ರಹವನ್ನು ಜೈನರು ಮಹಾವ್ರತಗಳಲ್ಲಿ ಎಣಿಸಿದುದಕ್ಕೂ, ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮನು ತನ್ನ ಪತಿ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಕಂಡು, ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರಬೇಕೆಂದು ಹೇಳಿ ಕಳುಹಿದಳೆಂಬ ಕಥೆಯು ಕನ್ನಡಿಗರ ನೆನಪಿನಲ್ಲಿ ಅಳಿಯದೆ ಉಳಿದಿರುವುದಕ್ಕೂ ಕಾರಣ ಇದೇ. ಆ ಅಕ್ಕಿಯನ್ನು ಅವನು ಕದ್ದು ತಂದಿರಲಿಲ್ಲ. ಆಯ್ದು ತರುವುದು ಅವನ ಕಾಯಕವೇ ಆಗಿತ್ತು. ಆದರೂ ಆ ದಿನದ ಅಗತ್ಯಕ್ಕೆ ಮೀರಿದುದು ತಮ್ಮದಲ್ಲವೆಂದು ಆ ತಾಯಿ ಬಗೆದಳು. ಸಿಕ್ಕುವುದೆಲ್ಲ ನಮ್ಮದಲ್ಲ, ಸಿಕ್ಕುವುದರಲ್ಲಿ ಈಗ ಬೇಕಾದುದಷ್ಟೇ ನಮ್ಮದು.

ಆದರೆ ಮಿತಿಯೊಂದೇ ಸಾಲದು. ಕಾಡ್ ಪ್ರತಿಪಾದಿಸಿದ ಗಣದಲ್ಲಿ ಮೊದಲನೆಯದು, ಕೊನೆಯದು ಎಂಬ ಭೇದವೇ ಇಲ್ಲ. ಕ್ರಮವನ್ನು ಸೂಚಿಸದೆ ಹತ್ತು ಸಾಲುಗಳನ್ನು ಕೊಡೆಂದರೆ ಡೇಟಾಬೇಸು ಯಾವುದಾದರೂ ಹತ್ತನ್ನು ಕೊಡಲು ಸ್ವತಂತ್ರವಾಗಿದೆ. ಇಂದು ಕೊಟ್ಟ ಹತ್ತನ್ನೇ ನಾಳೆಯೂ ಕೊಡುವೆನೆಂಬ ವಚನ ಅದರಿಂದಿಲ್ಲ. ಆದುದರಿಂದ ಬಲ್ಲವರು ಲಿಮಿಟ್ ಎಂಬುದನ್ನು ಆರ್ಡರ್ ಬೈ ಎಂಬುದರಿಂದ ಅಗಲಿಸರು. ಅಷ್ಟಕ್ಕೇ ಮುಗಿಯಲಿಲ್ಲ. ದಿನಾಂಕದ ಕ್ರಮದಲ್ಲಿ ಜೋಡಿಸಿದಾಗ ಒಂದೇ ದಿನಾಂಕದ ಮೂವತ್ತು ರೆಕಾರ್ಡುಗಳಿದ್ದರೆ, ಅವುಗಳೊಳಗೆ ಯಾವುದು ಮೊದಲೆಂಬುದು ಮತ್ತೆ ಅನಿಶ್ಚಿತವೇ. ಅದಕ್ಕಾಗಿ ಪ್ರತಿಯೊಂದು ರೆಕಾರ್ಡಿಗೂ ಅನನ್ಯವಾಗಿರುವ ಸಂಖ್ಯೆಯನ್ನೂ ಕ್ರಮಕ್ಕೆ ಸೇರಿಸುತ್ತಾರೆ. ಇನ್ನೂ ಸೂಕ್ಷ್ಮವಾದುದೊಂದುಂಟು. ಒರೇಕಲ್ ಡೇಟಾಬೇಸಿನಲ್ಲಿ ಸಾಲುಗಳಿಗೆ ಬಂದಂತೆ ಅಂಕೆ ಹಾಕುವ ರೋನಮ್ ಎಂಬ ಸಾಧನವನ್ನು ಅಜಾಗರೂಕತೆಯಿಂದ ಬಳಸಿದವನಿಗೆ, ಯಂತ್ರವು ಮೊದಲು ಸಿಕ್ಕ ಹತ್ತು ಸಾಲುಗಳನ್ನು ಎತ್ತಿಕೊಂಡು ಬಳಿಕ ಆ ಹತ್ತನ್ನು ಮಾತ್ರ ಅಚ್ಚುಕಟ್ಟಾಗಿ ಜೋಡಿಸಿ ಕೊಡುತ್ತದೆ. ಉತ್ತರ ನೋಡಲು ಸರಿಯಾಗಿಯೇ ಇರುತ್ತದೆ: ಹತ್ತು ಸಾಲುಗಳಿವೆ, ದೊಡ್ಡದರಿಂದ ಚಿಕ್ಕದಕ್ಕೆ ಇಳಿದಿವೆ. ಆದರೆ ಅವು ಸಮಸ್ತದಲ್ಲಿ ಶ್ರೇಷ್ಠವಾದ ಹತ್ತಲ್ಲ. ಹೇಗೋ ಕೈಗೆ ಬಂದ ಹತ್ತು. ಸರಿಯಾದ ದಾರಿಯೆಂದರೆ ಮೊದಲು ಕ್ರಮವನ್ನು ನಿರ್ಧರಿಸಿ ಅನಂತರ ಮಿತಿಯನ್ನು ವಿಧಿಸುವುದು.

ಧರ್ಮಜಿಜ್ಞಾಸೆಯಲ್ಲಿ ನಾವು ಮಾಡುವ ಪ್ರಮಾದಗಳಲ್ಲಿ ಬಹುಪಾಲು ಈ ಜಾತಿಯವೇ ಅಲ್ಲವೇ? ಹುಟ್ಟಿದ ಮನೆಯಲ್ಲಿ, ಬೆಳೆದ ಊರಿನಲ್ಲಿ, ಆಕಸ್ಮಿಕವಾಗಿ ಸಿಕ್ಕಿದ ಕೆಲವು ಆಚಾರಗಳನ್ನೂ ಕೆಲವು ಮಾತುಗಳನ್ನೂ ಎತ್ತಿಕೊಂಡು, ಬಳಿಕ ಅವುಗಳೊಳಗೆ ಇದು ಹೆಚ್ಚು, ಇದು ಕಡಮೆ ಎಂದು ತಾರತಮ್ಯವನ್ನು ಸಿದ್ಧಪಡಿಸಿ, ಆ ಪಟ್ಟಿಯ ತುದಿಯಲ್ಲಿರುವುದನ್ನು ಪರಮಸತ್ಯವೆಂದು ಸಾರುತ್ತೇವೆ. ತಾರತಮ್ಯದ ಕೆಲಸ ಅಚ್ಚುಕಟ್ಟಾಗಿಯೇ ನಡೆದಿರುತ್ತದೆ, ತರ್ಕದಲ್ಲಿ ಲೋಪವಿರುವುದಿಲ್ಲ, ಆದರೆ ಆಯ್ಕೆಯು ವಿವೇಕಕ್ಕಿಂತ ಮೊದಲೇ ನಡೆದುಹೋಗಿರುತ್ತದೆ. ಸ್ಥಾಲೀಪುಲಾಕನ್ಯಾಯವನ್ನು ನಂಬಿ, ಒಂದು ಅಗುಳನ್ನು ಹಿಸುಕಿ ಇಡೀ ಪಾತ್ರೆಯ ಅನ್ನ ಬೆಂದಿದೆಯೆಂದು ತಿಳಿಯುವಂತೆ, ಕೈಗೆ ಬಂದ ಹತ್ತರಿಂದ ಸಮಸ್ತವನ್ನೂ ತಿಳಿದೆವೆಂದು ಸಮಾಧಾನ ಪಡುವವರೂ ಉಂಟು. ಆ ನ್ಯಾಯವು ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದ ಅಗುಳುಗಳಿಗೆ ಸಲ್ಲುತ್ತದೆ. ಅಂಕಗಳ ಇಳಿಕೆಯ ಕ್ರಮದಲ್ಲಿ ಜೋಡಿಸಿದ ವಿದ್ಯಾರ್ಥಿಗಳ ಪಟ್ಟಿಯ ಮೊದಲ ಹತ್ತು ಹೆಸರುಗಳನ್ನು ನೋಡಿ ಶಾಲೆಯ ಸ್ಥಿತಿಯನ್ನು ಊಹಿಸಿದರೆ ಆಗುವ ಅನ್ಯಾಯವೆಷ್ಟು! ಆ ಹತ್ತು ಹೆಸರುಗಳು ಸುಳ್ಳಲ್ಲ. ಅವು ಶಾಲೆಯ ಪ್ರತಿನಿಧಿಗಳೆಂಬ ನಮ್ಮ ಭಾವನೆ ಸುಳ್ಳು. ಅಂಶವನ್ನು ಪಡೆದವನು ಅದು ಯಾವ ಕ್ರಮದಿಂದ ತನ್ನ ಬಳಿಗೆ ಬಂದಿತೆಂಬುದನ್ನೂ ಪಡೆಯಬೇಕು. ಕ್ರಮವನ್ನು ಅರಿಯದ ಅಂಶಜ್ಞಾನವು ಅರ್ಧಜ್ಞಾನವೂ ಅಲ್ಲ.

ಇದರಲ್ಲಿ ಕರುಣೆಗೆ ಸಂಬಂಧಪಟ್ಟ ಪ್ರಶ್ನೆಯೂ ಅಡಗಿದೆ. ಬಹುಮಂದಿ ಓದುಗರು ಮೊದಲ ಪುಟವನ್ನು ದಾಟಿ ಹೋಗರು. ಹಾಗಿರುವಾಗ, ಸಹಾಯಧನವನ್ನು ಕೋರಿದ ಅರ್ಜಿಗಳನ್ನು ಅಧಿಕಾರಿಯೊಬ್ಬನ ತೆರೆಯ ಮೇಲೆ ಇಪ್ಪತ್ತಿಪ್ಪತ್ತಾಗಿ ತೋರಿಸುವ ಅಪ್ಲಿಕೇಶನ್ನಿನಲ್ಲಿ, ಹೊಸ ಅರ್ಜಿ ಮೇಲೆ ಬರುವ ಕ್ರಮವನ್ನಿಟ್ಟರೆ, ಬಹುಕಾಲದಿಂದ ಕಾಯುತ್ತಿರುವವನು ದಿನದಿನಕ್ಕೂ ಕೊನೆಯ ಪುಟಗಳತ್ತ ಸರಿಯುತ್ತ ಹೋಗುತ್ತಾನೆ. ಹಳೆಯದು ಮೇಲೆ ಬರುವ ಕ್ರಮವನ್ನಿಟ್ಟರೆ ಅವನ ಮುಖವೇ ಮೊದಲು ಕಾಣುತ್ತದೆ. ಕ್ವೆರಿಯಲ್ಲಿ ಒಂದು ಪದದ ವ್ಯತ್ಯಾಸವಷ್ಟೆ. ಕ್ರಮವನ್ನು ನಿಶ್ಚಯಿಸುವವನು, ತಾನರಿಯದೆಯೇ ಆದರೂ, ಯಾರ ಕಷ್ಟ ಯಾರ ಕಣ್ಣಿಗೆ ಬೀಳಬೇಕೆಂಬುದನ್ನು ನಿಶ್ಚಯಿಸುತ್ತಾನೆ. ಅದು ತಾಂತ್ರಿಕ ಕಾರ್ಯವಷ್ಟೇ ಅಲ್ಲ, ಧರ್ಮಕಾರ್ಯವೂ ಹೌದು.

ಇನ್ನು ಮೂರನೆಯ ವಿಚಾರ: ಪಡೆದ ಅಂಶದಿಂದ ಮುಂದಿನ ಅಂಶಕ್ಕೆ ಹೋಗುವುದೆಂತು? ಇದಕ್ಕೆ ಎರಡು ವಿಧಾನಗಳು ರೂಢಿಯಲ್ಲಿವೆ. ಮೊದಲನೆಯದು ಆಫ್‌ಸೆಟ್, ಆರಂಭದಿಂದ ಇಂತಿಷ್ಟನ್ನು ಬಿಟ್ಟು ಮುಂದಿನ ಇಪ್ಪತ್ತನ್ನು ಕೊಡೆಂದು ಕೇಳುವುದು. ಸುಲಭವಾದ ಮಾರ್ಗವಾದರೂ ಅದರಲ್ಲಿ ಎರಡು ದೋಷಗಳಿವೆ. ಒಂದು ಲಕ್ಷವನ್ನು ಬಿಟ್ಟು ಇಪ್ಪತ್ತನ್ನು ಕೊಡೆಂದಾಗ ಡೇಟಾಬೇಸು ಸಾಮಾನ್ಯವಾಗಿ ಆ ಒಂದು ಲಕ್ಷವನ್ನೂ ದಾಟಿಯೇ ಬರಬೇಕು. 1,00,020 ಸಾಲುಗಳನ್ನು ಎಣಿಸಿ 1,00,000ವನ್ನು ಎಸೆಯಬೇಕು. ಎರಡನೆಯ ದೋಷ ಇನ್ನೂ ಗಹನವಾದುದು. ಹೊಸತು ಮೇಲಿರುವ ಪಟ್ಟಿಯ ಮೊದಲ ಇಪ್ಪತ್ತನ್ನು ನಾನು ಓದುತ್ತಿರುವಾಗ ಮೂರು ಹೊಸ ರೆಕಾರ್ಡುಗಳು ಬಂದು ಸೇರಿದುವೆಂದು ಭಾವಿಸಿರಿ; ಎರಡನೆಯ ಪುಟವನ್ನು ತೆರೆದೊಡನೆ, ಹಿಂದೆ ಕಂಡ ಮೂರು ಸಾಲುಗಳು ಮತ್ತೆ ಎದುರಾಗುತ್ತವೆ. ಬದಲಾಗಿ ಮೂರು ಅಳಿದುಹೋಗಿದ್ದರೆ, ಕಾಣಬೇಕಾಗಿದ್ದ ಮೂರು ಸಾಲುಗಳು ನನ್ನ ಕಣ್ಣಿಗೆ ಬೀಳದೆಯೇ ಮೊದಲ ಪುಟಕ್ಕೆ ಸರಿದು ಹೋಗಿರುತ್ತವೆ, ಮತ್ತು ಹಾಗಾಯಿತೆಂಬುದರ ಸುಳಿವೂ ನನಗಿರುವುದಿಲ್ಲ. ಜಗತ್ತು ನಿಂತಿದೆಯೆಂದು ನಂಬಿ ಆದಿಯಿಂದ ಎಣಿಸುತ್ತ ಬಂದವನಿಗೆ, ಹರಿಯುವ ಜಗತ್ತು ಮಾಡುವ ವಂಚನೆ ಇದು.

ಎರಡನೆಯ ವಿಧಾನದಲ್ಲಿ ಆದಿಯಿಂದ ಎಣಿಸುವ ಗೋಜಿಲ್ಲ. ಕೊನೆಯದಾಗಿ ಕಂಡ ರೆಕಾರ್ಡಿನ ದಿನಾಂಕವನ್ನೂ ಸಂಖ್ಯೆಯನ್ನೂ ನೆನಪಿಟ್ಟುಕೊಂಡು, ಇದರಿಂದಾಚೆಗಿನ ಇಪ್ಪತ್ತನ್ನು ಕೊಡೆಂದು ಕೇಳುವುದು. ತಕ್ಕ ಇಂಡೆಕ್ಸ್ ಇದ್ದರೆ ಯಂತ್ರವು ನೇರವಾಗಿ ಆ ಸ್ಥಾನಕ್ಕೇ ಹೋಗಿ ಅಲ್ಲಿಂದ ಮುಂದುವರಿಯುತ್ತದೆ. ಮೇಲೆ ಎಷ್ಟು ಹೊಸತು ಸೇರಿದರೂ ಕಂಡುದು ಮತ್ತೆ ಬರುವುದಿಲ್ಲ, ಕಾಣಬೇಕಾದುದು ತಪ್ಪುವುದಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಯಾವುದಾದರೊಂದು ದೊಡ್ಡ ವರ್ಗದ ಪುಟವನ್ನು ತೆರೆದು ನೋಡಿದರೆ ಇದರ ನಿದರ್ಶನ ದೊರೆಯುತ್ತದೆ. ಅಲ್ಲಿ ಒಂದು ಸಲಕ್ಕೆ ಇನ್ನೂರು ಲೇಖನಗಳ ಹೆಸರುಗಳು ಮಾತ್ರ ಕಾಣುತ್ತವೆ. ಮುಂದಿನ ಪುಟದ ಕೊಂಡಿಯು ತನ್ನೊಳಗೆ ಇಷ್ಟನೆಯ ಪುಟವೆಂಬ ಅಂಕೆಯನ್ನು ಹೊತ್ತಿರದೆ, ಎಲ್ಲಿಂದ ಆರಂಭಿಸಬೇಕೋ ಆ ಲೇಖನದ ಹೆಸರನ್ನೇ ಹೊತ್ತಿರುತ್ತದೆ. ಈ ಮಾರ್ಗಕ್ಕೂ ಒಂದು ತ್ಯಾಗದ ಬೆಲೆಯುಂಟು. ಐವತ್ತೇಳನೆಯ ಪುಟಕ್ಕೆ ಒಮ್ಮೆಲೇ ಜಿಗಿಯುವಂತಿಲ್ಲ. ಕಂಡುದನ್ನು ಆಧಾರವಾಗಿ ಹಿಡಿದು ಕಾಣದುದರ ಕಡೆಗೆ ಹೆಜ್ಜೆಹೆಜ್ಜೆಯಾಗಿ ನಡೆಯಬೇಕು.

ಸಾಧಕನಿಗೆ ಉಚಿತವಾದ ಮಾರ್ಗ ಇದೇ. ಶ್ರೀಕೃಷ್ಣನು ವಿಭೂತಿಗಳ ಪಟ್ಟಿಯನ್ನು ಮುಗಿಸುವಾಗ ಮಾಡಿದ ಉಪಕಾರವೊಂದನ್ನು ಇಲ್ಲಿ ನೆನೆಯಬೇಕು. ಇದು ಸಂಕ್ಷೇಪವೆಂದು ಮತ್ತೊಮ್ಮೆ ಎಚ್ಚರಿಸಿದ ಬಳಿಕ ಅವನು ಒಂದು ಸೂತ್ರವನ್ನು ಕೊಡುತ್ತಾನೆ: ಎಲ್ಲೆಲ್ಲಿ ಐಶ್ವರ್ಯವೂ ಕಾಂತಿಯೂ ಬಲವೂ ತೋರುವುದೋ ಅದನ್ನೆಲ್ಲ ನನ್ನ ತೇಜಸ್ಸಿನ ಅಂಶದಿಂದ ಹುಟ್ಟಿದುದೆಂದು ತಿಳಿಯಬೇಕೆಂಬುದು ಅದರ ಭಾವ. ಹೇಳಿದುದನ್ನು ಹಿಡಿದು ಹೇಳದೆ ಬಿಟ್ಟುದನ್ನು ಗುರುತಿಸುವ ಕೀಲಿಕೈ ಅದು. ಅರ್ಜುನನು ಮುಂದೆ ಬದುಕಿನಲ್ಲಿ ಕಾಣುವ ಪ್ರತಿಯೊಂದು ತೇಜಸ್ಸನ್ನೂ ಆ ಪಟ್ಟಿಯ ಮುಂದುವರಿಕೆಯಾಗಿ ತಾನೇ ಓದಿಕೊಳ್ಳಬಹುದು. ಉತ್ತಮ ಗುರುವು ಶಿಷ್ಯನಿಗೆ ಎಲ್ಲವನ್ನೂ ಹೇಳನು. ಸ್ವಲ್ಪವನ್ನು ಹೇಳಿ, ಆ ಸ್ವಲ್ಪದಿಂದ ಮುಂದಕ್ಕೆ ಹೋಗುವ ದಾರಿಯನ್ನು ಕೈಗೆ ಕೊಡುವನು. ಬೃಹದಾರಣ್ಯಕದ ಗಾರ್ಗಿಯ ಪ್ರಸಂಗವೂ ಇದಕ್ಕೆ ಸಾಕ್ಷಿ. ಜನಕನ ಸಭೆಯಲ್ಲಿ ಆಕೆ ಮೊದಲ ಸಲ ಎದ್ದು, ನೀರು ಯಾವುದರಲ್ಲಿ ಓತಪ್ರೋತವಾಗಿದೆ, ಅದು ಯಾವುದರಲ್ಲಿ, ಅದು ಮತ್ತೆ ಯಾವುದರಲ್ಲಿ ಎಂದು ಕೊನೆಯಿಲ್ಲದ ಸರಣಿಯನ್ನು ಹೂಡಿದಾಗ, ಉತ್ತರ ಕೊಡುತ್ತಿದ್ದ ಋಷಿ ಯಾಜ್ಞವಲ್ಕ್ಯನು ಆಕೆಯನ್ನು ತಡೆದನು. ಅದೇ ಗಾರ್ಗಿಯು ಬಳಿಕ ಸಭೆಯ ಅನುಮತಿಯನ್ನು ಪಡೆದು, ಎರಡೇ ಪ್ರಶ್ನೆಗಳನ್ನು ಕೇಳುವೆನೆಂದು ಸಂಕಲ್ಪಿಸಿ ನಿಂತಾಗ ಆಕೆಗೆ ದೊರೆತುದು ಅಕ್ಷರಬ್ರಹ್ಮದ ಉಪದೇಶ. ಎಣಿಸಿ ಇಟ್ಟ ಎರಡು ಪ್ರಶ್ನೆಗಳು ತಲಪಿದ ಎಡೆಯನ್ನು ಎಣಿಕೆಯಿಲ್ಲದ ಪ್ರಶ್ನೆಗಳು ತಲಪಲಿಲ್ಲ.

ಆದರೂ ಮಿತಿಯೇ ಸರ್ವತ್ರ ಧರ್ಮವೆಂದು ವಾದಿಸಿದರೆ ಅದು ಅತಿವಾದವಾದೀತು. ಸಮಸ್ತವನ್ನೂ ನೋಡಿಯೇ ತೀರಬೇಕಾದ ಕಾರ್ಯಗಳು ಲೋಕದಲ್ಲಿವೆ. ಲೆಕ್ಕಪತ್ರಗಳ ತಪಾಸಣೆಯನ್ನು ಮಾಡುವವನು ಮೊದಲ ನೂರು ಸಾಲುಗಳನ್ನು ನೋಡಿ ಒಪ್ಪಿಗೆಯ ಸಹಿಯನ್ನು ಹಾಕಲಾಗದು. ಮತಗಳನ್ನು ಎಣಿಸುವವನು ಒಂದನ್ನೂ ಬಿಡಲಾಗದು. ಇಂತಹ ಸಂದರ್ಭಗಳಲ್ಲಿ ಡೇಟಾಬೇಸು ತನ್ನೊಳಗೇ ಎಲ್ಲ ಸಾಲುಗಳನ್ನೂ ಓದಿ ಮೊತ್ತವೆಂಬ ಒಂದೇ ಸಾಲನ್ನು ಹೊರಗೆ ಕೊಡುತ್ತದೆ. ಆ ಒಂದು ಸಾಲೂ ಸಣ್ಣದೇ, ಲಿಮಿಟ್ ಹಾಕಿ ಪಡೆದ ಒಂದು ಸಾಲೂ ಸಣ್ಣದೇ. ಆದರೆ ಮೊದಲನೆಯದರಲ್ಲಿ ಎಲ್ಲವೂ ಸೇರಿದೆ, ಎರಡನೆಯದರಲ್ಲಿ ಉಳಿದುದೆಲ್ಲ ಹೊರಗೆ ನಿಂತಿದೆ. ಅದೇ ಜನಕನ ಸಭೆಯಲ್ಲಿ, ದೇವತೆಗಳೆಷ್ಟು ಎಂದು ಶಾಕಲ್ಯನು ಕೇಳಿದಾಗ ಯಾಜ್ಞವಲ್ಕ್ಯನು 3306 ಎಂದು ತೊಡಗಿ, ಮರಳಿ ಮರಳಿ ಕೇಳಿದಂತೆ ಮೂವತ್ತಮೂರು, ಆರು, ಮೂರು, ಎರಡು, ಒಂದೂವರೆ ಎಂದು ಇಳಿಯುತ್ತ ಕೊನೆಗೆ ಒಂದೇ ಎಂದನು. ಅಲ್ಲಿ ಯಾವ ದೇವತೆಯನ್ನೂ ಬಿಟ್ಟುಬಿಡಲಿಲ್ಲ. ಹಲವು ಮಹಿಮೆಗಳು ಒಂದರೊಳಗೆ ಸಮಾವೇಶಗೊಂಡುವು. ಬಿಡುವುದರಿಂದ ಬರುವ ಸಂಕ್ಷೇಪ ಬೇರೆ, ಒಳಗೊಳ್ಳುವುದರಿಂದ ಬರುವ ಸಂಕ್ಷೇಪ ಬೇರೆ. ಮೊದಲನೆಯದನ್ನು ಎರಡನೆಯದೆಂದು ಭ್ರಮಿಸಿ, ಹತ್ತನ್ನು ಮಾತ್ರ ಕಂಡು ಸಮಸ್ತದ ಸಾರವನ್ನು ಕಂಡೆವೆನ್ನುವುದು ಅಪರಾಧ.

ಇಲ್ಲಿಗೆ ನಾವು ಈ ವಿಚಾರದ ಹೃದಯಕ್ಕೆ ಬಂದೆವು. ಅಂಶವು ಯಾವಾಗ ಸುಳ್ಳಾಗುತ್ತದೆ? ಜೈನ ತಾರ್ಕಿಕರು ಈ ಪ್ರಶ್ನೆಗೆ ಕೊಟ್ಟ ಉತ್ತರಕ್ಕಿಂತ ನಿಷ್ಕೃಷ್ಟವಾದ ಉತ್ತರವನ್ನು ನಾನು ಕಾಣೆ. ವಸ್ತುವು ಅನಂತಧರ್ಮಾತ್ಮಕವಾದುದು, ಅದರ ಒಂದು ಧರ್ಮವನ್ನು ಹಿಡಿದು ನೋಡುವ ನೋಟ ನಯ, ನಯವು ದೋಷವಲ್ಲ. ಇತರ ಧರ್ಮಗಳನ್ನು ನಿರಾಕರಿಸಿ ತಾನೇ ಸಮಸ್ತವೆಂದು ಸಾಧಿಸಹೊರಟಾಗ ಅದೇ ನೋಟವು ದುರ್ನಯವಾಗುತ್ತದೆ. ಎರಡರಲ್ಲಿಯೂ ಕಂಡ ವಿಷಯ ಒಂದೇ, ಕಂಡ ಪ್ರಮಾಣವೂ ಒಂದೇ. ಉಳಿದುದನ್ನು ಕುರಿತ ಭಾವನೆಯಲ್ಲಿ ಮಾತ್ರ ಭೇದ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ, ಎಲ್ಲವನ್ನೂ ಏಕಕಾಲದಲ್ಲಿ ಬೆಳಗುವ ಜ್ಞಾನವನ್ನೂ ಕ್ರಮಕ್ರಮವಾಗಿ ಉಂಟಾಗುವ ಜ್ಞಾನವನ್ನೂ ಬೇರೆ ಬೇರೆಯಾಗಿ ಹೇಳಿ, ಕ್ರಮದಿಂದ ಬರುವುದು ಸ್ಯಾದ್ವಾದ ಮತ್ತು ನಯಗಳಿಂದ ಸಂಸ್ಕೃತವಾದಾಗ ಅದೂ ಪ್ರಮಾಣವೇ ಎಂದು ಗ್ರಹಿಸಿದರು. ಎಲ್ಲವನ್ನೂ ಒಮ್ಮೆಗೇ ಅರಿಯುವ ಕೇವಲಿಗೆ ಪುಟಗಳಿಲ್ಲ, ನಮಗೆ ಪುಟಗಳಲ್ಲದೆ ಅನ್ಯಮಾರ್ಗವಿಲ್ಲ. ಪುಟಪುಟವಾಗಿ ಓದುವುದರಿಂದ ನಮ್ಮ ಜ್ಞಾನಕ್ಕೆ ಕಳಂಕ ಬಾರದು. ಪುಟವನ್ನು ಗ್ರಂಥವೆಂದು ತಿಳಿದರೆ ಬರುತ್ತದೆ.

ಕಸುಬನ್ನು ಬಲ್ಲ ಪ್ರೋಗ್ರಾಮರುಗಳು ಈ ಪ್ರಾಮಾಣಿಕತೆಯನ್ನು ಸಾಧಿಸುವ ಒಂದು ಸರಳವಾದ ಉಪಾಯವನ್ನು ಬಳಸುತ್ತಾರೆ. ಒಟ್ಟು ರೆಕಾರ್ಡುಗಳೆಷ್ಟೆಂದು ನಿಖರವಾಗಿ ಎಣಿಸುವುದು ದೊಡ್ಡ ಟೇಬಲುಗಳಲ್ಲಿ ಬಹು ದುಬಾರಿಯಾದ ಕೆಲಸ. ಪೋಸ್ಟ್‌ಗ್ರೆಸ್‌ನಂತಹ ವ್ಯವಸ್ಥೆಗಳಲ್ಲಿ ಎಣಿಕೆಗಾಗಿಯೇ ಟೇಬಲನ್ನೋ ಅದರ ಇಂಡೆಕ್ಸನ್ನೋ ಉದ್ದಕ್ಕೂ ನಡೆದು ನೋಡಬೇಕಾಗುತ್ತದೆ. ಆದುದರಿಂದ ಅವರು ಇಪ್ಪತ್ತು ಸಾಲುಗಳನ್ನು ತೋರಿಸಬೇಕಾದಾಗ ಇಪ್ಪತ್ತೊಂದನ್ನು ತರಿಸುತ್ತಾರೆ. ಇಪ್ಪತ್ತೊಂದನೆಯದು ಬಂದರೆ ಅದನ್ನು ತೋರಿಸುವುದಿಲ್ಲ; ಮುಂದೆ ಇನ್ನೂ ಇದೆಯೆಂದು ಓದುಗನಿಗೆ ತಿಳಿಸುವುದಕ್ಕಾಗಿ ಮಾತ್ರ ಅದನ್ನು ಬಳಸುತ್ತಾರೆ. ಎಷ್ಟಿದೆಯೆಂದು ಹೇಳಲಾಗದಿದ್ದರೂ ಇದೆಯೆಂದು ಹೇಳಬಹುದು. ಅಪರಿಮಿತದ ಎದುರಿನಲ್ಲಿ ನಿಂತ ಪರಿಮಿತನಿಗೆ ಇದಕ್ಕಿಂತ ಹೆಚ್ಚಿನ ಪ್ರತಿಜ್ಞೆಯನ್ನು ಮಾಡುವ ಅಧಿಕಾರವಿಲ್ಲ, ಇದಕ್ಕಿಂತ ಕಡಮೆ ಹೇಳುವ ಸ್ವಾತಂತ್ರ್ಯವೂ ಇಲ್ಲ.

ಮೊದಲು ಎತ್ತಿದ ಪ್ರಶ್ನೆಗೆ ನನ್ನ ಉತ್ತರವಿಷ್ಟು. ಅಂಶವು ಅಂಶವಾಗಿರುವುದರಿಂದ ಮಿಥ್ಯೆಯಾಗದು. ತನ್ನ ಪಾತ್ರತೆಯನ್ನು ಅರಿತು ಕೇಳಿದವನು, ತನಗೆ ಬಂದುದು ಯಾವ ಕ್ರಮದಿಂದ ಬಂದಿತೆಂಬುದನ್ನು ವಿಚಾರಿಸಿದವನು, ಕಂಡುದರ ಕೊನೆಯನ್ನು ಭದ್ರವಾಗಿ ಹಿಡಿದು ಮುಂದಿನದಕ್ಕೆ ಸಿದ್ಧನಾಗಿರುವವನು, ಉಳಿದುದು ಇದೆಯೆಂದು ಒಪ್ಪುವವನು, ಹತ್ತನ್ನೇ ಕಂಡಿದ್ದರೂ ಸತ್ಯದಲ್ಲಿ ನಿಂತಿದ್ದಾನೆ. ಈ ನಾಲ್ಕರಲ್ಲಿ ಕಡೆಯದು ತಪ್ಪಿದರೆ ಮೊದಲ ಮೂರೂ ವ್ಯರ್ಥವಾಗುತ್ತವೆ. ಮತಗಳ ನಡುವಣ ಕಲಹಗಳನ್ನು ಶಾಂತಚಿತ್ತದಿಂದ ನೋಡಿದರೆ, ಅವರವರು ಕಂಡುದರಲ್ಲಿ ಸುಳ್ಳು ಅಷ್ಟಾಗಿ ಇರುವುದಿಲ್ಲ. ಕಾಣದುದು ಇಲ್ಲವೆಂದು ಹೇಳಿದುದರಲ್ಲಿಯೇ ಸುಳ್ಳಿರುತ್ತದೆ. ಶೈವನಿಗಾಗಲಿ ವೈಷ್ಣವನಿಗಾಗಲಿ, ಜೈನನಿಗಾಗಲಿ ಕ್ರೈಸ್ತನಿಗಾಗಲಿ ಮುಸಲ್ಮಾನನಿಗಾಗಲಿ, ತನ್ನ ಪಾಲಿಗೆ ಬಂದ ದರ್ಶನವನ್ನು ಪೂರ್ಣಶ್ರದ್ಧೆಯಿಂದ ಅನುಸರಿಸಲು ಮತ್ತೊಬ್ಬನ ದರ್ಶನವನ್ನು ಅಳಿಸಬೇಕಾದ ಅವಶ್ಯಕತೆ ಇಲ್ಲ. ಇದರಾಚೆಗೂ ಇದೆ ಎಂಬ ಒಂದು ಒಪ್ಪಿಗೆ ಅವನ ಶ್ರದ್ಧೆಯನ್ನು ಕುಂದಿಸದು, ಅದನ್ನು ವಿನಯದಿಂದ ದೃಢಪಡಿಸುವುದು. ಲಕ್ಷಾಂತರ ಜನ ಬಳಸುವ ವ್ಯವಸ್ಥೆಗಳನ್ನು ಕಟ್ಟುತ್ತಿರುವ ನಮ್ಮ ತರುಣರು ತಾವು ಬರೆಯುವ ಕ್ವೆರಿಯಲ್ಲಿ ದಿನವೂ ಪಾಲಿಸುತ್ತಿರುವ ಈ ಶಿಸ್ತನ್ನು, ತಮ್ಮ ನಂಬಿಕೆಗಳಿಗೂ ಅಭಿಪ್ರಾಯಗಳಿಗೂ ಅನ್ವಯಿಸಿಕೊಳ್ಳುವರಾದರೆ, ಅವರ ಕಸುಬು ಅವರಿಗೆ ಅನ್ನದ ಜೊತೆಗೆ ಅರಿವನ್ನೂ ಕೊಟ್ಟಂತಾಗುವುದು.